ಸಿದ್ದಮಲ್ಲಪ್ಪ ಹೊಲಿದ ಬೆಲ್ಟು

ಸಿದ್ದಮಲ್ಲಪ್ಪ ಕಳೆದ ಶನಿವಾರ ಮಧ್ಯಾಹ್ನ ಕೊಳ್ಳೇಗಾಲದಲ್ಲಿ, ತನ್ನ ಕೆಲಸದ ಶೆಡ್ಡಿನಲ್ಲೇ ತೀರಿಕೊಂಡ. ವಯಸ್ಸು ಐವತ್ತೆರಡು. ಭಾನುವಾರ ಅಗರಕ್ಕೆ ಒಯ್ದು ಅವನ ಮನೆಯವರ ಹೊಲದಲ್ಲಿ ಸಮಾಧಿ ಮಾಡಿದೆವು.

ನಾವಿಬ್ಬರೂ ಅಗರದವರು, ಒಂದೇ ವರ್ಷ ಶಾಲೆಗೆ ಸೇರಿದವರು. ನಾನು ಓದಿ ಮೇಷ್ಟರಾದೆ. ಅವನು ಹೊಲವನ್ನು ಅಣ್ಣನಿಗೆ ಬಿಟ್ಟ. 1957ರಲ್ಲಿ ಬೆಟ್ಟದ ಮೇಲಿನ ಒಂದು ಎಸ್ಟೇಟಿನವರು ಮಾರಿದ ಹಳೆಯ ಲೇತನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಕೊಳ್ಳೇಗಾಲಕ್ಕೆ ಬಂದ. ಮರದ ತುಂಡನ್ನು ಗಿರಗಿರ ತಿರುಗಿಸುವ ಯಂತ್ರ. ಉಳಿ ಹಿಡಿದರೆ ಬೇಕಾದ ಆಕಾರಕ್ಕೆ ಕಡೆಯಬಹುದು. ಮೋಟಾರು ಚಾವಣಿಯ ಹತ್ತಿರದ ಕಬ್ಬಿಣದ ದಂಡವನ್ನು ತಿರುಗಿಸುತ್ತಿತ್ತು. ಆ ದಂಡದಿಂದ ಲೇತಿನ ಗಾಲಿಗೆ ನಾಲ್ಕು ಬೆರಳಗಲದ ತೊಗಲಿನ ಬೆಲ್ಟು. ಹದಿನಾಲ್ಕು ವರ್ಷ ಅವನು ಅದರಲ್ಲಿ ರೇಷ್ಮೆ ನೇಯುವವರಿಗೆ ನೂಲು ಸುತ್ತುವ ಹಾಲೆ ಮರದ ಬಾಬಿನ್ನು ಕಡೆದ. ಯಾರಾದರೂ ಕೇಳಿದರೆ ಮಂಚದ ಕಾಲು, ತೊಟ್ಟಿಲ ಗುಂಡು.

1963ರ ಆಯುಧಪೂಜೆಯ ದಿನ ಯಂತ್ರ ತೊಳೆಯಲು ಬಾವಿಯಿಂದ ನೀರು ಹೊತ್ತವನು ನಾನು. ನೇಗಿಲು, ನೊಗ ತೊಳೆದು ಬೆಳೆದವರು ನಾವು. ಲೇತನ್ನೂ ಹಾಗೆಯೇ ತೊಳೆದೆವು, ಬೆಲ್ಟಿಗೂ ಕೊಡಗಟ್ಟಲೆ ನೀರು ಹುಯ್ದೆವು, ಮೂರೆಳೆ ವಿಭೂತಿ ಹಚ್ಚಿದೆವು. ನೆನೆದ ತೊಗಲು ಹಿಗ್ಗುತ್ತದೆ, ಒಣಗಿದ ಮೇಲೆ ಬಿಗಿಯುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಮರುದಿನ ಬೆಲ್ಟು ಜೋಲುಬಿದ್ದದ್ದು ಕಂಡು ಅವನು ಮೂರು ಬೆರಳಷ್ಟು ಕತ್ತರಿಸಿ ಮತ್ತೆ ಹೊಲಿದ. ನಾಲ್ಕನೆಯ ದಿನ, ಒಣಗಿ ಬಿಗಿದ ಬೆಲ್ಟು ಹೊಲಿಗೆಯಲ್ಲೇ ಹರಿದು ಅವನ ಎಡಗಣ್ಣಿಗೆ ಬೀಸಿ ಬಡಿಯಿತು. ಮೈಸೂರಿಗೆ ಕರೆದುಕೊಂಡು ಹೋದರೂ ಆ ಕಣ್ಣು ಉಳಿಯಲಿಲ್ಲ.

ನಾನು ನೀರಿನ ಮಾತೆತ್ತಿದಾಗಲೆಲ್ಲ ಅವನದು ಒಂದೇ ಉತ್ತರ. “ನೀರ್ ಉಯ್ದೋನು ನೀನು, ಕತ್ರಿಸ್ದೋನು ನಾನು. ಬುಡ್ಲಾ ಅತ್ಲಾಗೆ. ಒಂದ್ ಕಣ್ಗೆ ನಿನ್ ಮೊಕ ಅರ್ಧನೇ ಕಾಣ್ತದೆ, ಅಷ್ಟೇ ಸಾಕು ಕಣ್ಲಾ.”

ಈ ವರ್ಷ ಯುಗಾದಿ ಕಳೆದ ಮೇಲೆ ಅವನಿಗೆ ಎದೆನೋವು ಬಂತು. ಇನ್ನು ಯಂತ್ರದ ಮುಂದೆ ನಿಲ್ಲಕೂಡದು ಎಂದರು ಡಾಕ್ಟರು. ಮಕ್ಕಳಿಲ್ಲ. ಹೆಂಡತಿ ಪುಟ್ಟಮಲ್ಲಮ್ಮ ಹತ್ತು ವರ್ಷದಿಂದ ಬಾಬಿನ್ನಿಗೆ ಉಪ್ಪುಕಾಗದ ಉಜ್ಜುತ್ತಿದ್ದವಳು, ಉಳಿ ಹಿಡಿಯುವುದನ್ನೂ ನೋಡಿಯೇ ಕಲಿತಿದ್ದಳು. “ನಾನು ಕಡೀತೀನಿ” ಎಂದಳು. ಅವನು ಎರಡು ತಿಂಗಳು ಬೇಡವೆಂದ. ಆಮೇಲೆ ಒಪ್ಪಿದ. ಆದರೆ ಹಳೆಯ ಬೆಲ್ಟನ್ನು ಬಿಚ್ಚಿ ಹೊಸದು ಹಾಕುವವರೆಗೆ ಅವಳು ಸ್ವಿಚ್ಚು ಮುಟ್ಟಕೂಡದು.

ಅಂದಿನಿಂದ ಅವನಿಗೆ ನಿದ್ದೆ ಸರಿಯಿಲ್ಲ. ಅವನ ಎದೆಯ ಬಗ್ಗೆ ನಾನು ಕೇಳಿದರೆ ಅವನು ಬೆಲ್ಟಿನ ಬಗ್ಗೆ ಉತ್ತರ ಹೇಳುತ್ತಿದ್ದ. “ನನ್ ಕಣ್ ಓಯ್ತು, ಓಗ್ಲಿ. ಅವಳ್ಗೆ ಬಡುದ್ರೆ ನಾನೇನ್ ಮಾಡ್ಲಿ ಯೋಳು, ಮಾದೇವ?” ಎಂದು ನನ್ನನ್ನೇ ಕೇಳುತ್ತಿದ್ದ.

ಹೊಸ ತೊಗಲನ್ನು ತೊಲೆಗೆ ನೇತುಹಾಕಿ, ಕೆಳಗೆ ಗುಂಡುಕಲ್ಲು ಕಟ್ಟಿ, ಹತ್ತು ದಿನ ಹಿಗ್ಗಲು ಬಿಟ್ಟ. ಪ್ರತಿದಿನ ಬೆಳಗ್ಗೆ ದಾರ ಹಿಡಿದು ಅಳೆಯುತ್ತಿದ್ದ. ಕೊನೆಯ ಮೂರು ದಿನ ಅದು ಒಂದು ಕೂದಲೆಳೆಯೂ ಬೆಳೆಯದಿದ್ದಾಗ ಕತ್ತರಿಸಿದ. ಶುಕ್ರವಾರ ದಬ್ಬಳದಲ್ಲಿ ತೂತು ಮಾಡಿ ತೊಗಲ ದಾರ ಪೋಣಿಸಿದ. ದಾರದ ಎಳೆಗಳು ಗಾಲಿ ಮುಟ್ಟುವ ಮಗ್ಗುಲಲ್ಲಿ ನೇರ ಇರಬೇಕು, ಹೊರಗಡೆಯಷ್ಟೇ ಅಡ್ಡ ಹಾಯಬೇಕು. ಹೊಲಿದ, ಬೆಳಕಿಗೆ ಹಿಡಿದು ನೋಡಿದ, ಬಿಚ್ಚಿದ. ಮತ್ತೆ ಹೊಲಿದು ಮತ್ತೆ ಬಿಚ್ಚಿದ.

“ನಂಗೆ ತಾಳಿ ಕಟ್ವಾಗ ಒಂದೇ ಸಲಕ್ಕೆ ಕಟ್ಬುಟ್ರಿ,” ಎಂದಳು ಪುಟ್ಟಮಲ್ಲಮ್ಮ. “ಇದ್ಕೇನ್ ಇಷ್ಟೊಂದ್ ಉಪಚಾರ?”

“ಅದ್ಕೆ ಮೋಟ್ರು ಇರ್ನಿಲ್ಲ ಕಣಮ್ಮಿ.”

ಅವಳು ನಕ್ಕಳು.

ಮರುದಿನ ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಹೋದಾಗ ಬೆಲ್ಟು ಗಾಲಿಗೆ ಏರಿತ್ತು. ನಮ್ಮಿಬ್ಬರನ್ನೂ ಬಾಗಿಲಾಚೆ ನಿಲ್ಲಿಸಿ ಅವನೇ ಸ್ವಿಚ್ಚು ಹಾಕಿದ. ಹೊಲಿಗೆ ಗಾಲಿಯ ಮೇಲೆ ಹಾಯುವಾಗಲೆಲ್ಲ ‘ಟಪ್’ ಎನ್ನುತ್ತಿತ್ತು. ಅರ್ಧ ಗಂಟೆ ಹಾಗೇ ಓಡಿಸಿದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಸಾಕು ಬನ್ನಿ, ಬೆವ್ತು ಓಗಿದ್ದೀರಿ,” ಎಂದಳು ಅವಳು.

“ಇರಮ್ಮಿ.”

ಯಂತ್ರ ನಿಲ್ಲಿಸಿ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದ. ಒಂದು ಎಳೆಯೂ ಸರಿದಿರಲಿಲ್ಲ. ಆಗಲೂ ಅವನ ಮುಖ ಸಡಿಲಾಗಲಿಲ್ಲ. ನನ್ನ ಜೇಬಿನಿಂದ ಸೀಮೆಸುಣ್ಣ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತ. ಬೆಲ್ಟು ಹರಿದರೆ ಎಲ್ಲಿಗೆ ಬೀಸುತ್ತದೋ ಆ ಜಾಗದ ಪಕ್ಕದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದ.

“ಈ ಗೆರೆಯಿಂದ ಎಡಕ್ಕೆ ಕಾಲಿಡ್ಬ್ಯಾಡ. ಉಳಿ ಬಿದ್ದೋದ್ರೂ ಸೈ, ಎತ್ಕಳಾಕ್ ಓಗ್ಬ್ಯಾಡ. ನಿಂತ್ಕ, ನೋಡವ.”

ಅವಳು ಸೆರಗು ಬಿಗಿದು, ಉಳಿ ಹಿಡಿದು ನಿಂತಳು. ಅವಳ ಎಡಗಾಲಿನ ಕಿರುಬೆರಳು ಗೆರೆಗೆ ತಾಗಿತ್ತು. ಅವನು ತಲೆಯೆತ್ತಿ ಬೆಲ್ಟು ನೋಡಿದ, ಅವಳ ಮುಖ ನೋಡಿದ. ಅಂಗೈಯಿಂದ ಗೆರೆಯನ್ನು ಒರೆಸಿದ. ನಾಲ್ಕು ಬೆರಳು ಊರಿ ಅಳೆದು, ಅವಳ ಕಾಲನ್ನು ಅಷ್ಟು ಬಲಕ್ಕೆ ಸರಿಸಿ, ಹೊಸ ಗೆರೆ ಎಳೆದ. ಆ ಗೆರೆಯ ಪಕ್ಕದಿಂದ ಅವನು ಮತ್ತೆ ಏಳಲಿಲ್ಲ.