ಮಾತು ಬಿಟ್ಟ ಇಬ್ಬರು ಮೇಸ್ತ್ರಿಗಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರು ಒಯ್ಯುವ ಪೈಪ್‌ಲೈನ್ ಕಾಮಗಾರಿಗೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಹಿಂದಿನ ಸೈಟುಗಳಲ್ಲಿ ಮೈ ದಣಿದಿತ್ತು. ಇಲ್ಲಿ ದಣಿದದ್ದು ಬಾಯಿ.

ಕಾರಣ ನನ್ನ ಇಬ್ಬರು ಮೇಸ್ತ್ರಿಗಳು. ಹುಲಿಹೈದರದ ಶಿವಪ್ಪನದು ಪೈಪು ಹೂಳುವ ತಂಡ. ಗಿಣಿಗೇರಾದ ಖಾಸಿಂಸಾಬನದು ಪಂಪು, ವಾಲ್ವುಗಳ ಕೆಲಸ. ಹಳೆಯ ಜೋಡಿ. ಖಾಸಿಂ ತನ್ನ ಮಗಳ ಮದುವೆಯಲ್ಲಿ ಶಿವಪ್ಪನಿಗೆಂದೇ ಬೇರೆ ಒಲೆ ಹೂಡಿಸಿ ಗೋಧಿ ಹುಗ್ಗಿ ಮಾಡಿಸಿದ್ದ. ಶಿವಪ್ಪ ಬಸ್ಸಿನ ಅವಸರದಲ್ಲಿ ಉಣ್ಣದೆ ಹೊರಟುಬಂದ. ಮದುವೆ ಮನೆಯಿಂದ ಉಣ್ಣದೆ ಎದ್ದು ಹೋಗುವ ಅವಮಾನವನ್ನು ನಮ್ಮ ಕಡೆ ಯಾರೂ ಸುಲಭಕ್ಕೆ ಮರೆಯುವುದಿಲ್ಲ. ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಆದರೆ ಕೆಲಸ ಬಿಡಲಿಲ್ಲ. ಎದುರುಬದುರು ನಿಂತೇ ಖಾಸಿಂ, "ಸರ್, ಬೋಲ್ಟ್ ಬಿಗಿ ಮಾಡಂತ ಅವಗ ಹೇಳ್ರಿ," ಅನ್ನುತ್ತಿದ್ದ. ಶಿವಪ್ಪ, "ಮಾಡೀನಂತ ಹೇಳ್ರಿ ಸರ್," ಅನ್ನುತ್ತಿದ್ದ. ನಾನು ಆ ಮಾತನ್ನೇ ಮತ್ತೊಮ್ಮೆ ಹೇಳುವವರೆಗೆ ಇಬ್ಬರೂ ಕದಲುತ್ತಿರಲಿಲ್ಲ. ಕಂಪನಿಯವರು ಟೀಮ್‌ವರ್ಕ್ ತರಬೇತಿಯನ್ನೂ ಕೊಟ್ಟರು. ಬಲೂನು ಊದಿಸಿದರು, ಚಪ್ಪಾಳೆ ತಟ್ಟಿಸಿದರು. ಇವರಿಬ್ಬರು ಒಂದೊಂದು ಮೂಲೆ ಹಿಡಿದು ಕೂತರು. ನನಗೂ ಸಾಕಾಗಿ ಅವರ ನಡುವಿನ ಫೋನಿನಂತೆ ದಿನ ದೂಡುತ್ತಿದ್ದೆ.

ಪೈಪ್‌ಲೈನ್ ಮುಗಿದ ಮೇಲೆ ಪ್ರೆಶರ್ ಟೆಸ್ಟ್ ಇರುತ್ತದೆ. ಪೈಪಿಗೆ ಒತ್ತಡದಿಂದ ನೀರು ಬಿಟ್ಟು ಜೋಡಣೆಗಳು ತಡೆಯುತ್ತವೆಯೇ ಎಂದು ನೋಡುವುದು. ಆಗ ವಾಲ್ವಿನ ಗುಂಡಿಯಲ್ಲಿ ಯಾರೂ ಇರಬಾರದು, ಇದ್ದರೆ ಜೀವಕ್ಕೇ ಅಪಾಯ.

ಟೆಸ್ಟಿನ ದಿನವೇ ನನ್ನನ್ನು ಕೊಪ್ಪಳದ ಮೀಟಿಂಗಿಗೆ ಕರೆದರು. ಒಳಗೆ ಹೋಗುವಾಗ ಫೋನು ಆಫ್ ಮಾಡಿದೆ. ಇತ್ತ ಶಿವಪ್ಪ ಗುಂಡಿಗಿಳಿದು ಕೊನೆಯ ಬೋಲ್ಟುಗಳನ್ನು ಬಿಗಿಯುತ್ತಿದ್ದ. ಪಂಪು ಶುರು ಮಾಡುವ ಮುಂಚೆ ಸಾಹೇಬರು ಫೋನಿನಲ್ಲಿ ಹೇಳಿಯೇ ಹೇಳುತ್ತಾರೆಂದು ಅವನ ನಂಬಿಕೆ. ಗುಂಡಿಯಲ್ಲಿ ಯಾರಾದರೂ ಇದ್ದಿದ್ದರೆ ಸಾಹೇಬರು ತಡೆಯುತ್ತಿದ್ದರೆಂದು ದಿಬ್ಬದಾಚೆ ಪಂಪಿನ ಬಳಿ ನಿಂತಿದ್ದ ಖಾಸಿಂನ ನಂಬಿಕೆ. ಟೆಸ್ಟಿನ ಹೊತ್ತಾದಾಗ ಅವನು ಸ್ವಿಚ್ ಒತ್ತಿದ. ಜೋಡಣೆ ಕಳಚಿ ಪೈಪಿನ ತುದಿ ಶಿವಪ್ಪನ ಕಾಲಿನ ಮೇಲೆ ಕೂತಿತು. ಗುಂಡಿ ತುಂಬತೊಡಗಿತು. ಕಿರುಚಾಟ ಕೇಳಿ ಖಾಸಿಂ ಪಂಪು ನಿಲ್ಲಿಸಿ ಓಡಿಬಂದು ಗುಂಡಿಗೆ ಹಾರಿದನಂತೆ.

"ಲೇ ಶಿವ್ಯಾ, ಕೈ ಕೊಡಲೇ!" ಎಂದು ಕೂಗಿದ್ದನ್ನು ಇಡೀ ತಂಡ ಕೇಳಿಸಿಕೊಂಡಿತ್ತು.

ಸಂಜೆ ನಾನು ಕುಷ್ಟಗಿಯ ಆಸ್ಪತ್ರೆ ತಲುಪಿದಾಗ ಖಾಸಿಂ ವಾರ್ಡಿನ ಹೊರಗೆ ಒದ್ದೆ ಬಟ್ಟೆಯಲ್ಲೇ ಕೂತಿದ್ದ. ಶಿವಪ್ಪನ ಜೀವಕ್ಕೆ ಭಯವಿಲ್ಲ, ಕಾಲಿನ ಮೂಳೆ ಎರಡು ಕಡೆ ಮುರಿದಿದೆ ಎಂದರು ಡಾಕ್ಟರು. ಖಾಸಿಂ ನನ್ನ ಕೈ ಹಿಡಿದುಕೊಂಡ.

"ಸರ್, ತಪ್ಪು ನಂದೈತಿ ಅಂತ ಅವಗ ಹೇಳ್ರಿ."

ಹೇಳಲು ಹೊರಟೇಬಿಟ್ಟಿದ್ದೆ. ಮರುಗಳಿಗೆಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾ ಹೇಳೂದಿಲ್ಲೋ ಮಾರಾಯ. ನೀನ ಒಳಗ ಹೋಗಿ ಹೇಳು," ಎಂದೆ.

ಖಾಸಿಂ ಎದ್ದು ಒಳಗೆ ಹೋದ. ಶಿವಪ್ಪನ ದನಿ ಹೊರಗೆ ಕೇಳಿಸಿತು.

"ನನ್ನ ಕಾಲು ಮುರದ ಮ್ಯಾಲ ಬಾಯಿ ಬಂತೇನಲೇ ನಿನಗ?"

"ನಿನಗೂ ಈಗ ಬಂದೈತಲ್ಲೋ."

ಆಮೇಲೆ ಇಬ್ಬರೂ ಅಳುವುದು ಕೇಳಿಸಿತು.

ಮುಂದಿನ ಸೈಟುಗಳಲ್ಲಿ ನಾನು ಯಾರ ಮಾತನ್ನೂ ಯಾರಿಗೂ ಒಯ್ಯಲಿಲ್ಲ. ಜಗಳವಾಡಿದವರನ್ನು ಎದುರಿಗೆ ನಿಲ್ಲಿಸುತ್ತಿದ್ದೆ. ಬೈದಾಡಿದರೂ ಸರಿ, ಕೆಲಸದ ಮಾತನ್ನು ಅವರೇ ಆಡಬೇಕಿತ್ತು. ತಂಡದವರೆಲ್ಲ ಗೆಳೆಯರಾಗಿರಬೇಕಿಲ್ಲ, ಗುಂಡಿಯಲ್ಲಿ ಯಾರಿದ್ದಾರೆಂದು ಒಬ್ಬರನ್ನೊಬ್ಬರು ಕೇಳಿದರೆ ಸಾಕು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ. ಶಿವಪ್ಪ ಈಗಲೂ ಕುಂಟುತ್ತಾನೆ.