ವಾಮನ ಮಾಸ್ತರರ ಹಾಲಿನ ಕ್ಲಾಸು

ವಾಮನ ಮಾಸ್ತರರ ಇಂಗ್ಲಿಷ್ ಕ್ಲಾಸಿನಲ್ಲಿ ಕರಿಹಲಗೆ ಇರಲಿಲ್ಲ. ಒಂದು ಸೀಮೆಎಣ್ಣೆ ಸ್ಟವ್ ಇತ್ತು, ಅದರ ಮೇಲೆ ಹಾಲಿನ ಪಾತ್ರೆ ಇತ್ತು. ಹೆಸರು ವಾಮನ, ಆಳು ಮಾತ್ರ ಥಾಣೆಯ ವರ್ತಕ ನಗರದ ನಮ್ಮ ಬಿಲ್ಡಿಂಗಿನ ಬಾಗಿಲುಗಳಿಗೆ ತಲೆ ತಗ್ಗಿಸಿಯೇ ಬರಬೇಕು, ಅಷ್ಟು ಎತ್ತರ. ಕೈ ಹಿಂದೆ ಕಟ್ಟಿಕೊಂಡು ಪಾತ್ರೆಯೊಳಗೆ ಇಣುಕಿ, "ಹೇಳಿ, ಈಗ ಎಂತ ಆಗ್ತಾ ಉಂಟು?" ಎಂದು ಕೇಳುತ್ತಿದ್ದರು. ನಾವು ಹೆಂಗಸರು ಸರದಿಯ ಮೇಲೆ ಇಂಗ್ಲಿಷಿನಲ್ಲಿ ಹೇಳಬೇಕು: ಹಾಲು ಮೆಲ್ಲಗೆ ಬಿಸಿಯಾಗುತ್ತಿದೆ, ಅಂಚಿನಲ್ಲಿ ಗುಳ್ಳೆ ಏಳತೊಡಗಿದೆ, ಕೆನೆ ಬರಬರುತ್ತಾ ಸುಕ್ಕುಗಟ್ಟುತ್ತಿದೆ. ಪದ ಹುಡುಕುತ್ತಾ ಕುಳಿತರೆ ಹಾಲು ಉಕ್ಕಿಹೋಗುತ್ತಿತ್ತು. ಉಕ್ಕಿದರೆ ಅವತ್ತು ಎಲ್ಲರಿಗೂ ಹಾಲಿಲ್ಲದ ಚಹಾ. ಹಾಲು ತಂದವಳ ಸಿಟ್ಟು ಕೇಳಬೇಡಿ.

ಯಾರಾದರೂ "ಸಡನ್ಲಿ" ಎಂದರೋ, ಮುಗಿಯಿತು. "ಸಡನ್ಲಿ ಎಂತದು ಮಾರಾಯ್ರೆ? ಅದು ಆಗ್ತಾ ಇರುವಾಗ ನೀವು ಎಲ್ಲಿ ನೋಡ್ತಾ ಇದ್ರಿ?" ಎಂದು ಹಾರಾಡುತ್ತಿದ್ದರು. ಕುಂದಾಪುರದ ಕಡೆಯವರು. ಮುಂಬಯಿಯ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಹೊತ್ತು ಹೋಗದೆ ಬಿಲ್ಡಿಂಗಿನ ಕನ್ನಡದ ಹೆಂಗಸರನ್ನು ಕೂಡಿಸಿ ಪಾಠ ಶುರುಮಾಡಿದ್ದರು.

ಉಳಿದವರು ಹೊತ್ತು ಕಳೆಯಲು ಬರುತ್ತಿದ್ದರು. ನಾನು ಗರಜಿಗೆ ಹೋದವಳು. ನನ್ನ ಮಗಳು ಗಂಗಾಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಮಂದ. ಕಿವಿಗೆ ಮಶೀನು ಹಾಕಿಸಿ, ಮಾತು ಕಲಿಸಲು ಸಾನಪಾಡಾದ ಒಂದು ಕೇಂದ್ರಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಅಲ್ಲಿನ ಡಾಕ್ಟರಮ್ಮ ಕೇರಳದವರು. ಅವರ ಹಿಂದಿ ಅಷ್ಟಕ್ಕಷ್ಟೇ, ನನ್ನದು ಭಾಜಿ ಮಾರ್ಕೆಟಿನ ಹಿಂದಿ. ಪ್ರತಿ ಸಲ ಅವರು "ಎನಿ ಚೇಂಜ್?" ಎಂದು ಕೇಳಿದಾಗ ನನಗೆ ಬರುತ್ತಿದ್ದುದು ಒಂದೇ: "ನೋ ಚೇಂಜ್, ಡಾಕ್ಟರ್." ಹುಡುಗಿ 'ಅವ್ವಾ' ಎನ್ನದ ಮೇಲೆ ಮತ್ತೇನು ಹೇಳುವುದು? ಸುಧಾರಣೆ ಕಾಣದಿದ್ದರೆ ಮಳೆಗಾಲ ಮುಗಿಯುತ್ತಲೇ ಗಂಗಾಳ ಜಾಗವನ್ನು ಬೇರೆ ಮಗುವಿಗೆ ಕೊಡುತ್ತೇವೆ ಎಂದು ಅವರು ಒಂದು ದಿನ ಹೇಳಿಬಿಟ್ಟರು.

ವಿಜಾಪುರದ ಕಡೆಯ ನನ್ನ ನಾಲಿಗೆಯೊಂದಿಗೆ ಮಾಸ್ತರರಿಗೆ ದಿನವೂ ಜಗಳ. "ಈ ಬಿಗಿನ್ನು, ಗ್ರಾಜುವಲಿ ಎಲ್ಲಾ ನಂಗ ಬರಂಗಿಲ್ರಿ ಮಾಸ್ತರ್ರ" ಎಂದರೆ, "ಆಹಾ! ನೀಲಮ್ಮ, ನೀವು ದಿನಾ ಹೇಳುದು ಎಂತದು? ಮಳಿ ಬರಾಕ ಹತ್ತೇತಿ, ಅನ್ನ ಕುದಿಯಾಕ ಹತ್ತೇತಿ! ಆ 'ಹತ್ತು' ಉಂಟಲ್ಲ, ಇಂಗ್ಲಿಷಿನವ ಅದನ್ನೇ ಬಿಗಿನ್ ಹೇಳ್ತಾನೆ, ಸ್ಟಾರ್ಟ್ ಹೇಳ್ತಾನೆ. ಅವಸರ ಇಲ್ಲ ಅಂತ ತೋರಿಸ್ಲಿಕ್ಕೆ ಪಕ್ಕದಲ್ಲಿ ಸ್ಲೋಲಿಯನ್ನು ಕೂರಿಸ್ತಾನೆ. ಅಷ್ಟೇ" ಎನ್ನುತ್ತಿದ್ದರು. ನನ್ನ ಮಾತನ್ನು ಅಣಕಿಸಿದರೆಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಅವರಿಗೆ ಅದೂ ಖುಷಿ.

ಒಮ್ಮೆ ನಮ್ಮ ಕ್ಲಾಸಿನ ವಾರಿಜಕ್ಕನ ತಂಗಿ ಡೊಂಬಿವಲಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಇಡೀ ಕ್ಲಾಸನ್ನು ಕರೆದಿದ್ದಳು. ಥಾಣೆ ಸ್ಟೇಷನ್ನಿನಲ್ಲಿ ಸ್ಲೋ ಗಾಡಿ ಬಂದು ನಿಂತಿತು. ಮಾಸ್ತರರು ಲೇಡೀಸ್ ಡಬ್ಬಿಯ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದರು. "ಹೊರಡುವುದನ್ನು ಸರಿಯಾಗಿ ನೋಡಿ, ನೋಡಿ ಹೇಳಿ!" ಗಾಡಿ ಜಗ್ಗಿತು, ಅಲುಗಿತು, ಸರಿಯತೊಡಗಿತು. ವಾರಿಜಕ್ಕ ಸೆರಗು ಸಿಕ್ಕಿಸಿಕೊಂಡು "ದ ಟ್ರೈನ್ ಈಸ್... ದ ಟ್ರೈನ್ ಈಸ್..." ಎನ್ನುವಷ್ಟರಲ್ಲಿ ಕೊನೆಯ ಡಬ್ಬಿಯೂ ದಾಟಿಹೋಯಿತು. "ಗಾನ್, ಮಾಸ್ಟ್ರೇ! ನಿಮ್ಮ ಇಂಗ್ಲಿಷಿಗೆ ಬೆಂಕಿ ಬೀಳ!" ಎಂದು ಚೀರಿದಳು. ಮಾಸ್ತರರು ತಣ್ಣಗೆ, "ಗಾನ್ ಸರಿ. ನಡುವಿನದ್ದೆಲ್ಲ ಎಲ್ಲಿ ಹೋಯ್ತು?" ಎಂದರು. ನಾವು ತಲುಪುವಾಗ ಪೂಜೆ ಮುಗಿದು ಪ್ರಸಾದದ ಪಾತ್ರೆ ತೊಳೆಯುತ್ತಿದ್ದರು. ವಾರಿಜಕ್ಕ ಒಂದು ವಾರ ಕ್ಲಾಸಿಗೆ ಬರಲಿಲ್ಲ.

ಗಂಗಾಳ ಜಾಗ ಹೋಗುವ ಸುದ್ದಿಯನ್ನು ಅಳುತ್ತಲೇ ಮಾಸ್ತರರಿಗೆ ಹೇಳಿದೆ. ಮರುದಿನ ಬೆಳಿಗ್ಗೆ ಪೇಪರು ಹಿಡಿದು ನಮ್ಮ ಹೊಸ್ತಿಲ ಬಳಿ ಬಂದು ಕುಳಿತರು. ಅದರ ಮರುದಿನವೂ ಬಂದರು. ಪೇಪರು ನೆಪಕ್ಕೆ, ನೋಡುತ್ತಿದ್ದುದು ಹುಡುಗಿಯನ್ನು. ಒಂದು ದಿನ ನನ್ನನ್ನು ಕರೆದರು.

"ಬಂತಾ ಇಲ್ಲವಾ ಅಂತ ಮಾತ್ರ ನೋಡ್ಬೇಡಿ ಮಾರಾಯ್ರೆ. ಕುಕ್ಕರ್ ಸೀಟಿ ಹೊಡೆದಾಗ ಹುಡುಗಿ ಎಂತ ಮಾಡ್ತಾಳೆ?"

"ಒಲಿ ಕಡೆ ನೋಡ್ತಾಳ್ರಿ."

"ಮೊದಲು ನೋಡ್ತಿದ್ಲಾ?"

ಇಲ್ಲ. ಮೊದಲು ನೋಡುತ್ತಿರಲಿಲ್ಲ! ಬೆನ್ನ ಹಿಂದಿನಿಂದ ಕರೆದರೆ ಈಗೀಗ ತಡವಾಗಿಯಾದರೂ ತಿರುಗುತ್ತಿದ್ದಳು. ನಾನು ಮಾತಾಡುವಾಗ ನನ್ನ ತುಟಿಯನ್ನೇ ದಿಟ್ಟಿಸಿ ತನ್ನ ತುಟಿ ಕೂಡಿಸತೊಡಗಿದ್ದಳು. ಕಣ್ಣೆದುರೇ ಇಷ್ಟೆಲ್ಲ ನಡೆಯುತ್ತಿತ್ತು. ಆ ಮಧ್ಯಾಹ್ನ ಸ್ಟವ್ ಹಚ್ಚಲಿಲ್ಲ. ಇಡೀ ಕ್ಲಾಸು ಗಂಗಾಳನ್ನು ನಡುವೆ ಕೂರಿಸಿಕೊಂಡು ನನಗೆ ವಾಕ್ಯ ಕಟ್ಟಿಸಿತು. ವಾರಿಜಕ್ಕನೇ ಡಾಕ್ಟರಾಗಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಎನಿ ಚೇಂಜ್?" ಎಂದು ಗದರಿಸುತ್ತಿದ್ದಳು.

ಸಾನಪಾಡಾಕ್ಕೆ ಮಾಸ್ತರರೂ ಬಂದರು, ಒಳಗೆ ಮಾತ್ರ ಬರಲಿಲ್ಲ. "ಮಗಳು ನಿಮ್ಮವಳು, ನೋಡಿದವರು ನೀವು. ನಾನ್ಯಾಕೆ?" ಎಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಡಾಕ್ಟರಮ್ಮ ಕೇಳಿದರು. ನಾನು ಹೇಳಿದೆ: "ಶಿ ಹ್ಯಾಸ್ ಸ್ಟಾರ್ಟೆಡ್ ಟು ಟರ್ನ್ ವೆನ್ ಐ ಕಾಲ್, ಡಾಕ್ಟರ್. ಸ್ಲೋಲಿ ಶಿ ಈಸ್ ಬಿಗಿನಿಂಗ್ ಟು ಲುಕ್ ಅಟ್ ಮೈ ಲಿಪ್ಸ್." ಅವರು ಬರೆಯುವುದನ್ನು ನಿಲ್ಲಿಸಿ ಎದ್ದು, ಗಂಗಾಳ ಹಿಂದೆ ಹೋಗಿ ಹೆಸರು ಹಿಡಿದು ಕರೆದರು. ಹುಡುಗಿ ಸುಮ್ಮನೆ ಕುಳಿತಿದ್ದಳು. ನಾನು ಮನೆದೇವರಿಗೆ ಹರಕೆ ಹೊತ್ತೆ. ಆಮೇಲೆ, ತನಗೆ ಪುರಸೊತ್ತಾದಾಗ ಎಂಬಂತೆ, ಗಂಗಾ ಕತ್ತು ತಿರುಗಿಸಿ ನೋಡಿದಳು. ಜಾಗ ಉಳಿಯಿತು.

ಹೊರಗೆ ಬಂದು ನಾನು ಬಿಕ್ಕಿದಾಗ ಮಾಸ್ತರರು ಗದರಿದರು: "ನೀಲಮ್ಮ, ಅಳ್ಲಿಕ್ಕೆ ಶುರು ಮಾಡ್ಬೇಡಿ. ನನಗೂ ಬರ್ತದೆ." ಅಷ್ಟರಲ್ಲಿ ಅವರಿಗೆ ಬಂದೇ ಬಿಟ್ಟಿತ್ತು.

ಆಮೇಲೆ ಗಂಗಾಳಿಗೆ 'ಬಾ' ಬಂತು, 'ನೀರು' ಬಂತು, ಮಾಸ್ತರರನ್ನು ಕಂಡರೆ 'ಅಜ್ಜ' ಬಂತು. ಶಬ್ದಕ್ಕೆ ಶಬ್ದ ಕೂಡಲು ಮಾತ್ರ ವರ್ಷಗಳೇ ಹಿಡಿದವು. "ಇವಳ ಬಾಯಿಂದ ಒಂದು ಇಡೀ ಮಾತು ಕೇಳಿಯೇ ನಾನು ಊರಿಗೆ ಹೋಗುದು" ಎನ್ನುತ್ತಿದ್ದರು ಮಾಸ್ತರರು. ಮೊಣಕಾಲು ಕೇಳಬೇಕಲ್ಲ. ಜಿನೆಯ ಮೆಟ್ಟಿಲು ಹತ್ತಲಾಗದ ಸ್ಥಿತಿ ಬಂದಾಗ ಅಳಿಯ, ಅವರ ಅಕ್ಕನ ಮಗ, ಬಂದು ಕುಂದಾಪುರಕ್ಕೆ ಕರೆದೊಯ್ದ. ಹೊರಡುವಾಗ ಗಂಗಾಳ ಎದುರು ಬಗ್ಗಿ ಕುಳಿತು ತುಂಬ ಹೊತ್ತು ಕಾದರು. ಅವಳು "ಅಜ್ಜ, ಟಾಟಾ" ಎಂದಳು. "ಸಾಕು, ಸಾಕು" ಎನ್ನುತ್ತಾ ಗೋಡೆ ಹಿಡಿದು ಎದ್ದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮುಂದಿನ ವರ್ಷದ ಒಂದು ಸಂಜೆ ಫೋನು ರಿಂಗಾಯಿತು. ಅದನ್ನು ಎತ್ತುವ ಹುಚ್ಚು ಗಂಗಾಳಿಗೆ. ಎತ್ತಿ ಮಶೀನಿನ ಕಿವಿಗೆ ಹಿಡಿದು "ಹಲೋ" ಎಂದು ಸುಮ್ಮನೆ ನಿಲ್ಲುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಅವ್ವಾ, ಮಾಸ್ತರ ಅಜ್ಜ ತೀರಿಕೊಂಡ್ರಂತ. ಅವ್ರ ಅಳಿಯ ಫೋನ್ ಹಿಡಕೊಂಡು ನಿಂತಾರ, ನೀ ಬಾ."

ಹಿಟ್ಟಿನ ಕೈಯಲ್ಲೇ ಅವಳನ್ನು ಎದೆಗೆ ಅವುಚಿಕೊಂಡೆ. ಅಳು ಬಂತು, ಸಾವಿಗೆ ಎಷ್ಟು, ಅವಳ ಆ ಇಡೀ ಮಾತಿಗೆ ಎಷ್ಟು ಎಂದು ನನಗೇ ತಿಳಿಯಲಿಲ್ಲ. ಫೋನಿನ ಆ ಕಡೆ ಅಳಿಯ "ಹಲೋ, ಹಲೋ" ಎನ್ನುತ್ತಿದ್ದ. ಫೋನು ಕೈಗೆತ್ತಿಕೊಂಡೆ. ಯಾವಾಗ ಹೋದರು, ಹೇಗೆ ಹೋದರು ಎಂದು ಕೇಳಬೇಕಿತ್ತು.

"ತಮ್ಮಾ," ಎಂದೆ, "ಈಗ ನಿನ್ನ ಜೋಡಿ ಮಾತಾಡಿದಾಕಿ ನನ್ನ ಮಗಳು."