ಸೆನ್ಸರಿಗೆ ಕಟ್ಟಿದ್ದ ಅರಿಶಿನ ದಾರ

ಸರ್ಕ್ಯೂಟ್ ಬೋರ್ಡ್ ಹೋಗಿದೆ, ಹೊಸ ಮಷೀನ್ ತೆಗೆದುಕೊಳ್ಳಿ ಎಂದು ಹಿಂದಿಯಲ್ಲಿ ಹೇಳಿ ಮೆಕ್ಯಾನಿಕ್ ಐದೇ ನಿಮಿಷದಲ್ಲಿ ಹೊರಟುಹೋದ. ಮುಚ್ಚಳವನ್ನೂ ಬಿಚ್ಚಿರಲಿಲ್ಲ. ಮಿಯಾಪುರದ ನಮ್ಮ ನೆಲಮಹಡಿಯ ಫ್ಲ್ಯಾಟಿನಲ್ಲಿ ಹಿಂದಿನ ಕೋಣೆಯ ಗೋಡೆ ಮಳೆಗಾಲವಿಡೀ ಬೆವರುತ್ತದೆ. ಅಲ್ಲಿರುವ ನನ್ನ ಪುಸ್ತಕಗಳಿಗಾಗಿಯೇ, ಗಾಳಿಯ ತೇವ ಎಳೆದುಕೊಳ್ಳುವ ಡಿಹ್ಯುಮಿಡಿಫೈಯರ್ ತಂದಿಟ್ಟಿದ್ದೆ. ಈಗ ಅದರ ಫ್ಯಾನ್ ತಿರುಗುತ್ತಿತ್ತು, ತೊಟ್ಟಿಗೆ ಒಂದು ಹನಿ ನೀರೂ ಬೀಳುತ್ತಿರಲಿಲ್ಲ.

ನನ್ನ ಸಂಶಯ ತಾಪಮಾನದ ಸೆನ್ಸರ್ ಮೇಲೆ. ಒಳಗಿನ ತಾಮ್ರದ ಕೊಳವೆಗೆ ತಾಗಿಕೊಂಡಿರುವ ಕಡಲೆಕಾಳಿನಷ್ಟು ವಸ್ತು. ಕೊಳವೆ ಹಿಮಗಟ್ಟಿದೆ ಎಂದು ಅದು ಸುಳ್ಳು ಹೇಳಿದರೆ ಸಾಕು, ಯಂತ್ರ ಕಂಪ್ರೆಸರ್ ನಿಲ್ಲಿಸಿ ಹಿಮ ಕರಗಲಿ ಎಂದು ಕಾಯುತ್ತಾ ಕೂರುತ್ತದೆ.

ಹೋದ ವರ್ಷ ನೀವೇ ಅದನ್ನು ಬಿಚ್ಚಿ ಏನೋ ಮಾಡಿದ್ದಿರಿ ಎಂದಳು ಕಲಬುರಗಿಯವಳಾದ ನನ್ನ ಹೆಂಡತಿ. ನಾನು ಮುಟ್ಟಿಯೇ ಇಲ್ಲ ಎಂದೆ. ಗ್ಯಾಸ್ ಆರಿಸಿದ್ದೆನೋ, ಬೀಗ ಹಾಕಿದ್ದೆನೋ ಎಂಬ ಇಂಥ ಜಗಳ ಈಚೆಗೆ ಹೆಚ್ಚಾಗಿತ್ತು. ನೆನಪಿನ ಪರೀಕ್ಷೆಗೆಂದು ಅವಳು ಶನಿವಾರಕ್ಕೆ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದ್ದಳು. ನಾನು ಬರುವುದಿಲ್ಲ ಎಂದು ಕೂತಿದ್ದೆ.

“ಹಂಗಾರ ಬಿಚ್ಚಿ ನೋಡ್ರಿ. ಒಳಗ ನಿಮ್ಮ ಕೈಕೆಲಸ ಕಂಡ್ರ ಶನಿವಾರ ಸುಮ್ಮನ ಬರಬೇಕು.”

“ಕಾಣಲಿಲ್ಲಂದ್ರ?”

“ಡಾಕ್ಟರ್ ಹೆಸರಽ ಎತ್ತಂಗಿಲ್ಲ.”

ಪ್ಲಗ್ ಕಿತ್ತು ಮುಚ್ಚಳ ತೆಗೆದೆ. ಸೆನ್ಸರನ್ನು ಕೊಳವೆಗೆ ಹಳದಿ ದಾರದಲ್ಲಿ ಕಟ್ಟಲಾಗಿತ್ತು. ಆಯುಧಪೂಜೆಗೆ ಅವಳು ಮಿಕ್ಸಿ, ಸ್ಕೂಟರ್, ಈ ಯಂತ್ರದ ಹಿಡಿಕೆ ಎಲ್ಲಕ್ಕೂ ಕಟ್ಟುವ ಅರಿಶಿನ ದಾರ. ಸೆನ್ಸರನ್ನು ಹಿಡಿದಿಡುವ ಕ್ಲಿಪ್ ಮುರಿದಾಗ, ಪೂಜೆ ನಂಬದ ನಾನು ಹಿಡಿಕೆಯಿಂದ ಅದನ್ನೇ ಬಿಚ್ಚಿಕೊಂಡಿರಬೇಕು. ಮೂರು ಸುತ್ತು, ಮೇಲೆ ಎರಡು ಗಂಟು. ನಾನು ಹಾಕುವ ಗಂಟೇ. ನೆನಪು ಮಾತ್ರ ಒಂದಿಷ್ಟೂ ಇರಲಿಲ್ಲ.

ಅವಳು ಅಡುಗೆಮನೆಯಲ್ಲಿದ್ದಳು. ದಾರ ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಸೆನ್ಸರನ್ನು ಐಸ್ ನೀರಿನ ಲೋಟದಲ್ಲಿ ಇಳಿಬಿಟ್ಟು ಮಲ್ಟಿಮೀಟರ್ ಹಿಡಿದೆ. ಬಿಸಿನೀರಿನ ಲೋಟಕ್ಕೆ ಹಾಕಿದೆ. ಬಿಸಿಗೆ ಇಳಿಯಬೇಕಾದ ರೋಧದ ಅಂಕಿ ಕದಲಲಿಲ್ಲ. ಬೋರ್ಡ್ ಹೋಗಿರಲಿಲ್ಲ, ನನ್ನ ಸಂಶಯವೇ ಸರಿ. ಆದರೆ ಸೆನ್ಸರ್ ಏಕೆ ಕೆಟ್ಟಿತು? ವರ್ಷವಿಡೀ ನೀರು ಕುಡಿದು ಅದರ ಬುಡಕ್ಕೆ ತೇವ ಇಳಿಸಿದ್ದು ಆ ನೂಲಿನ ದಾರ. ನಾನು ಗೆದ್ದೆ ಎಂದು ಪೂರ್ತಿ ಹೇಳಬೇಕಾದರೆ ಜೇಬಿನಲ್ಲಿರುವುದನ್ನು ಹೊರಗೆ ತೆಗೆಯಲೇಬೇಕಿತ್ತು. ಅರ್ಧ ಹೇಳಿ ಗೆಲ್ಲುವುದು ನನಗೆ ಬೇಡವಾಗಿತ್ತು. ತೆಗೆದುಕೊಂಡು ಹೋಗಿ ಒಲೆಯ ಪಕ್ಕ ಇಟ್ಟೆ.

ಅವಳು ನಗಲಿಲ್ಲ. “ಬರ್ತೀರಿ ಅಂದಂಗಾತು.”

“ಬರ್ತೀನಿ. ಆದರ ಡಾಕ್ಟರೂ ಮೀಟರ್ ಹಚ್ಚಲಾರದ ಬೋರ್ಡ್ ಹೋಗೈತಿ ಅಂದ್ರ ಎದ್ದು ಬರ್ತೀನಿ ನೋಡು.”

ಅವತ್ತೇ ಮೆಟ್ರೋ ಹತ್ತಿ, ಬಿಡಿಭಾಗಗಳು ಸಿಗುವ ಕೋಠಿ ಪೇಟೆಗೆ ಹೋಗಿ ಹೊಸ ಸೆನ್ಸರ್ ತಂದು, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದೆ. ಸಂಜೆಗೆ ತೊಟ್ಟಿಯಲ್ಲಿ ನೀರು ನಿಂತಿತು. ಈ ಸಲ ಮುಚ್ಚಳದ ಒಳಗೆ ಮಾಡಿದ್ದನ್ನೆಲ್ಲ ಬರೆದು ಸಹಿ ಹಾಕಿದೆ.

ಶನಿವಾರ ಡಾಕ್ಟರ್ ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ನನ್ನ ವಯಸ್ಸಿನ ಆರೋಗ್ಯವಂತರು ಇದರಲ್ಲಿ ಎಷ್ಟು ಮರೆಯುತ್ತಾರೆ, ಮೊದಲು ಅದನ್ನು ಹೇಳಿ ಎಂದೆ.